ಕಾಲಿನ ಉದ್ದ, ನೀರಿನ ಆಳ

ಕಾರವಾರದ ಕೋಡಿಬಾಗದ ದಂಡೆಯ ಮೇಲೆ ನಿಂತು ಕಾಳಿ ಹೊಳೆಯ ಕಡೆ ಕಣ್ಣು ಹಾಯಿಸಿದರೆ ಬೆಳ್ಳಗೆ ಕಾಣುವುದೆಲ್ಲ ಬೆಳ್ಳಕ್ಕಿ. ಕಾರವಾರದಿಂದ ಭಟ್ಕಳದವರೆಗೂ ರೂಢಿಯ ಲೆಕ್ಕ ಹೆಚ್ಚು ಕಡಿಮೆ ಇಷ್ಟೇ: ಬಿಳಿಯದು ಬೆಳ್ಳಕ್ಕಿ, ಉಳಿದದ್ದು ಕೊಕ್ಕರೆ. ಉಗುರಿನ ಮೇಲೊಂದು ಬಿಳಿ ಚುಕ್ಕೆ ಕೊಡು ಎಂದು ಕೈ ಚಾಚುವ ಮಕ್ಕಳಿಗೆ ಅಷ್ಟು ಸಾಕು. ಹಕ್ಕಿ ಗುರುತಿಸಲು ಹೊರಟವರಿಗೆ ಸಾಲದು. ಆ ಬಿಳಿಯಲ್ಲೇ ಐದು ಬಗೆ: ಚಿಕ್ಕ ಬೆಳ್ಳಕ್ಕಿ, ಮಧ್ಯಮ ಬೆಳ್ಳಕ್ಕಿ, ದೊಡ್ಡ ಬೆಳ್ಳಕ್ಕಿ, ದನದ ಹಿಂದೆ ತಿರುಗುವ ಗೋವಕ್ಕಿ, ಮತ್ತೆ ಕಡಲಂಚು ಬಿಟ್ಟು ದೂರ ಹೋಗದ ರೀಫ್ ಹೆರಾನ್ ಎಂಬ ಬಕದ ಬಿಳಿ ರೂಪ. ಬೂದು, ಕಂದು, ಕೆನ್ನೀಲಿ ಬಕಗಳ ಲೆಕ್ಕ ಬೇರೆ.

ಪುಸ್ತಕ ಹಿಡಿದು ಕಲಿಯುವವರು ಮೊದಲು ಕೊಕ್ಕಿನ ಬಣ್ಣ ನೋಡುತ್ತಾರೆ. ತಪ್ಪೇನಲ್ಲ. ಆದರೆ ನಮ್ಮ ಅಳಿವೆಗಳಲ್ಲಿ ಹಕ್ಕಿ ಇರುವುದು ನೂರು, ಇನ್ನೂರು ಮೀಟರ್ ಆಚೆ. ನೀರಿನ ಹೊಳಪು ಕಣ್ಣಿಗೆ ಹೊಡೆಯುತ್ತಿರುತ್ತದೆ. ಕೊಕ್ಕೋ, ಗೂಡು ಕಟ್ಟುವ ಕಾಲ ಬಂದರೆ ಬಣ್ಣವನ್ನೇ ಬದಲಿಸುತ್ತದೆ. ಯಾವ ಕಾಲದಲ್ಲೂ ಬದಲಾಗದ್ದು ಕಾಲಿನ ಉದ್ದ. ಬೆಳ್ಳಕ್ಕಿಯೂ ಸೇರಿ ಬಕಗಳು ಈಜುವುದಿಲ್ಲ, ನಡೆದು ಬೇಟೆಯಾಡುತ್ತವೆ. ಹೊಟ್ಟೆ ಒದ್ದೆಯಾಗುವಷ್ಟು ಆಳಕ್ಕೆ ಇಳಿಯುವುದು ಅಪರೂಪ. ಹಾಗಾಗಿ ಹಕ್ಕಿ ಎಷ್ಟು ನೀರಿನಲ್ಲಿ ನಿಂತಿದೆ ಎಂಬುದನ್ನು ಮೊದಲು ನೋಡಿದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧಕ್ಕೆ ಆ ನೀರು ಅಲ್ಲಿ ಎಷ್ಟು ಹೊತ್ತು ಇರುತ್ತದೆ ಎಂದು ಗೊತ್ತಿರಬೇಕು. ಕರಾವಳಿಯಲ್ಲಿ ಅದನ್ನು ಹೇಳುವುದು ಚಂದ್ರ.

ಆಳದ ಲೆಕ್ಕಕ್ಕೆ ಬೆರಳು, ಗೇಣು ಸಾಕು. ಕೊಳದ ಬಕದ್ದು ಗಿಡ್ಡ ಕಾಲು. ನಾಲ್ಕು ಬೆರಳು ನೀರು ಸಿಕ್ಕರೆ ಅದಕ್ಕೆ ಹಬ್ಬ, ಅದಕ್ಕಿಂತ ಹೆಚ್ಚಾದರೆ ದಂಡೆಯ ಕಲ್ಲಿನ ಮೇಲೋ ಅಂತರಗಂಗೆಯ ಎಲೆಗಳ ಮೇಲೋ ಕೂತು ಬಗ್ಗುತ್ತದೆ. ಚಿಕ್ಕ ಬೆಳ್ಳಕ್ಕಿ ಅರ್ಧ ಗೇಣಿನ ಆಸುಪಾಸಿನ ನೀರಿನದು. ದೊಡ್ಡ ಬೆಳ್ಳಕ್ಕಿ ಮತ್ತು ಬೂದು ಬಕ ಒಂದು ಗೇಣು, ಬೇಕಾದರೆ ಇನ್ನೂ ಸ್ವಲ್ಪ ಹೆಚ್ಚು ಆಳಕ್ಕೂ ಇಳಿಯುತ್ತವೆ. ಗೋವಕ್ಕಿಗೆ ನೀರೇ ಬೇಕಿಲ್ಲ; ಅದು ಹುಲ್ಲಿನಲ್ಲಿ ದನ ಹೆಜ್ಜೆ ಇಟ್ಟಾಗ ಎದ್ದ ಮಿಡತೆ ಹಿಡಿಯುವ ಹಕ್ಕಿ, ಈಗ ಟಿಲ್ಲರಿನ ಹಿಂದೆಯೂ ಹೋಗುತ್ತದೆ. ಒಂದೇ ಕೆಸರು ಬಯಲಿನಲ್ಲಿ ನಾಲ್ಕು ಬಗೆ ನಿಂತಿದ್ದರೂ ಗಮನಿಸಿದರೆ ಅವು ನಾಲ್ಕು ಗೆರೆಯಲ್ಲಿ ನಿಂತಿರುತ್ತವೆ. ಒಂದು ಮಾತು: ಹಿಂದಕ್ಕೆ ಮಡಿಚುವ ಮಂಡಿಯಂತೆ ಕಾಣುವುದು ಮಂಡಿಯಲ್ಲ, ಹಿಮ್ಮಡಿಯ ಗಂಟು. ನಿಜವಾದ ಮಂಡಿ ಗರಿಯೊಳಗೆ ಅಡಗಿದೆ. ನೀರು ಆ ಗಂಟಿಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ನೋಡುವುದೇ ದೂರದಿಂದ ಆಳ ಅಳೆಯುವ ಸುಲಭದ ದಾರಿ.

ಗಾತ್ರವನ್ನು ಮಾತ್ರ ನಂಬಬೇಡಿ. ಬಯಲು ಕೆಸರಿನ ಮೇಲೆ ಹೋಲಿಸಲು ಏನೂ ಇರುವುದಿಲ್ಲ, ಒಂಟಿ ಹಕ್ಕಿ ಎಷ್ಟು ದೊಡ್ಡದೆಂದು ಕಣ್ಣು ಹೇಳಲಾರದು. ಮಧ್ಯಮ ಬೆಳ್ಳಕ್ಕಿಯನ್ನು ದೊಡ್ಡದೆಂದು ಬರೆದುಕೊಳ್ಳುವುದು ಹೊಸಬರ ಮಾಮೂಲಿ ತಪ್ಪು. ಇವೆರಡಕ್ಕೂ ಕಾಲು ಕಪ್ಪು, ಮಾಮೂಲಿ ದಿನಗಳಲ್ಲಿ ಕೊಕ್ಕು ಹಳದಿ. ಇಲ್ಲಿ ನೋಡಬೇಕಾದ್ದು ಬಾಯಿಯ ಸೀಳು. ದೊಡ್ಡ ಬೆಳ್ಳಕ್ಕಿಯಲ್ಲಿ ಆ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ; ಮಧ್ಯಮದಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ದೊಡ್ಡದರ ಕತ್ತು ಅದರ ಮೈಗಿಂತ ಉದ್ದ, ನಡುವೆ ಮುರಿದು ಕೂಡಿಸಿದಂಥ ಗಂಟು. ಮಧ್ಯಮದ ತಲೆ ದುಂಡಗೆ, ಕೊಕ್ಕು ತುಸು ಗಿಡ್ಡ. ಗೂಡಿನ ಕಾಲದಲ್ಲಿ ಎರಡರ ಕೊಕ್ಕೂ ಕಪ್ಪಾಗುವುದರಿಂದ ಜೂನ್‌ನಲ್ಲಿ ಕಪ್ಪು ಕೊಕ್ಕು ಕಂಡ ತಕ್ಷಣ ಚಿಕ್ಕ ಬೆಳ್ಳಕ್ಕಿ ಎಂದು ತೀರ್ಮಾನಿಸುವಂತಿಲ್ಲ.

ಚಿಕ್ಕ ಬೆಳ್ಳಕ್ಕಿಯ ಗುರುತು ಕಪ್ಪು ಕಾಲಿಗೆ ಹಳದಿ ಪಾದ. ಚಂದದ ಗುರುತೇ, ಆದರೆ ಕಾಳಿಯ ಕೆಸರಿನಲ್ಲಿ ಹತ್ತು ಹೆಜ್ಜೆ ನಡೆದ ಹಕ್ಕಿಗೆ ಹಳದಿ ಪಾದ ಎಲ್ಲಿಂದ ಬರಬೇಕು? ಅದು ಹಾರುವ ತನಕ ಕಾಯಿರಿ. ಹಾರುವಾಗ ಪಾದ ಬಾಲದಾಚೆ ಚಾಚಿಕೊಳ್ಳುತ್ತದೆ, ಮೊದಲ ಕೆಲವು ರೆಕ್ಕೆಬಡಿತದಲ್ಲೇ ಕೆಸರು ಉದುರಿ ಬಣ್ಣ ಕಾಣುತ್ತದೆ. ಇಲ್ಲಿ ಇನ್ನೊಂದು ತೊಡಕಿದೆ. ರೀಫ್ ಹೆರಾನಿನ ಪಾದವೂ ಹಳದಿಯೇ. ಅದರ ಕಪ್ಪು ರೂಪ ಸಲೀಸು: ಸ್ಲೇಟಿನ ಬಣ್ಣದ ಮೈ, ಗಂಟಲಲ್ಲಿ ಬಿಳಿ. ಬಿಳಿ ರೂಪವನ್ನು ಚಿಕ್ಕ ಬೆಳ್ಳಕ್ಕಿಯಿಂದ ಬೇರ್ಪಡಿಸಲು ಕೊಕ್ಕನ್ನೇ ನೋಡಬೇಕು. ಅದು ಹೆಚ್ಚು ದಪ್ಪ, ತುದಿಯತ್ತ ತುಸು ಬಾಗಿದಂತೆ, ಬಣ್ಣ ಕಂದು ಅಥವಾ ಮಾಸಲು ಹಳದಿ. ಕಾಲಿನ ಹಳದಿ ಕೆಲವೊಮ್ಮೆ ಪಾದದಿಂದ ಮೇಲಕ್ಕೂ ಏರಿರುತ್ತದೆ. ಎರಡೂ ಕೂಡಿ ಹುಟ್ಟಿದ ಮಿಶ್ರ ಹಕ್ಕಿಗಳೂ ಉಂಟು. ಹಾಗಾಗಿ ಮನಸ್ಸು ಒಪ್ಪದಿದ್ದರೆ ಟಿಪ್ಪಣಿ ಪುಸ್ತಕದಲ್ಲಿ ‘ಚಿಕ್ಕ ಬೆಳ್ಳಕ್ಕಿ ಅಥವಾ ರೀಫ್ ಹೆರಾನ್’ ಎಂದು ಬರೆದು ಮುಂದೆ ಹೋಗುವುದೇ ಮರ್ಯಾದೆ. ಎಲ್ಲದಕ್ಕೂ ಹೆಸರು ಕೊಟ್ಟ ಪಟ್ಟಿಗಿಂತ ನಾಲ್ಕು ಕಡೆ ಅನುಮಾನ ಒಪ್ಪಿಕೊಂಡ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾರುವ ಹಕ್ಕಿಯ ಕತ್ತು ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ಬಕ, ಬೆಳ್ಳಕ್ಕಿಗಳೆಲ್ಲ ಹಾರುವಾಗ ಕತ್ತನ್ನು ಮಡಿಚಿ ಹೆಗಲ ನಡುವೆ ಸೇರಿಸುತ್ತವೆ. ಬಾಯ್ಕಳಕದಂಥ ನಿಜವಾದ ಕೊಕ್ಕರೆಗಳು, ಕೆಂಬರಲುಗಳು ಕತ್ತನ್ನು ನೀಟಾಗಿ ಮುಂದಕ್ಕೆ ಚಾಚುತ್ತವೆ. ಸಂಜೆಯ ಮಬ್ಬಿನಲ್ಲಿ ಬಣ್ಣ ಸತ್ತ ಮೇಲೂ ಈ ಒಂದು ಗುರುತು ಉಳಿಯುತ್ತದೆ.

ಕೊಳದ ಬಕ ಎಲ್ಲ ಚರಂಡಿಯ ಬದಿಯಲ್ಲೂ ಇರುವುದರಿಂದ ಯಾರೂ ಅದನ್ನು ಸರಿಯಾಗಿ ನೋಡುವುದಿಲ್ಲ. ಕೂತಾಗ ಕಂದು ಗೀರುಗಳ ಮಣ್ಣು ಹೆಂಟೆ. ಎದ್ದು ಹಾರಿತೋ, ರೆಕ್ಕೆ ಪೂರಾ ಬಿಳಿ. ಮಳೆ ಹತ್ತಿರವಾದಂತೆ ಬೆನ್ನು ಗಾಢ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಆಗ ಇದು ಬೇರೆಯೇ ಜಾತಿ ಎಂದು ಫೋಟೋ ಕಳಿಸಿ ಕೇಳುವವರು ಪ್ರತಿ ವರ್ಷ ಸಿಗುತ್ತಾರೆ. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಬೇರಿನ ಸಂದಿಯಲ್ಲಿ ಇದೇ ಗಾತ್ರದ, ಬೂದುಹಸಿರು ಮೈಯ, ಕಪ್ಪು ನೆತ್ತಿಯ ಹಕ್ಕಿಯೊಂದು ಕುಗ್ಗಿ ಕೂತಿದ್ದರೆ ಅದು ಹಸಿರು ಬಕ. ಹಾರಿದಾಗ ಬಿಳಿ ರೆಕ್ಕೆ ಕಾಣದಿದ್ದರೆ ಖಾತ್ರಿ ಮಾಡಿಕೊಳ್ಳಿ.

ಬಕಧ್ಯಾನ ಎಂಬ ಮಾತನ್ನು ಕಪಟಕ್ಕೆ ಅಂಟಿಸಿ ನಮ್ಮವರು ಈ ಹಕ್ಕಿಗಳಿಗೆ ಅನ್ಯಾಯ ಮಾಡಿದ್ದಾರೆ. ಅಲ್ಲಾಡದೆ ನಿಲ್ಲುವುದು ಬೂದು ಬಕದ ವಿಧಾನ, ಸರಿ. ಚಿಕ್ಕ ಬೆಳ್ಳಕ್ಕಿ ಒಂದು ಕಡೆ ನಿಲ್ಲುವುದೇ ಕಡಿಮೆ. ಒಂದು ಪಾದವನ್ನು ಕೆಸರಲ್ಲಿ ನಡುಗಿಸಿ ಶೆಟ್ಲಿ (ಸೀಗಡಿ), ಸಣ್ಣ ಮೀನುಗಳನ್ನು ಎಬ್ಬಿಸುತ್ತದೆ, ಓಡುತ್ತದೆ, ರೆಕ್ಕೆ ತೆರೆದು ತಿರುಗುತ್ತದೆ. ರೀಫ್ ಹೆರಾನೂ ಹೀಗೇ ಕುಣಿಯುವ ಬಳಗ. ಹಸಿರು ಬಕ ಕುಕ್ಕರುಗಾಲಿನಲ್ಲಿ ಕಾಯುತ್ತದೆ. ಕೆನ್ನೀಲಿ ಬಕದ ಬೆರಳುಗಳು ಎಷ್ಟು ಉದ್ದವೆಂದರೆ ಕೆರೆಯ ತೇಲುವ ಎಲೆಗಳ ಮೇಲೆ ಭಾರ ಹಂಚಿ ನಡೆಯಬಲ್ಲದು. ಧ್ಯಾನದಂತೆ ಕಾಣುವ ಆ ನಿಲುವಿನ ಹಿಂದೆ ಕತ್ತಿನ ಮೂಳೆಯ ಕೆಲಸವಿದೆ. ಆರನೆಯ ಕತ್ತುಮಣಿ ಉಳಿದವಕ್ಕಿಂತ ಉದ್ದ, ಅದರಿಂದಲೇ ಆ ಮುರಿದಂಥ ಬಾಗು. ಬಾಗು ಬಿಚ್ಚಿದಾಗ ತಲೆ ಬಾಣದಂತೆ ನುಗ್ಗುತ್ತದೆ. ನೀರೊಳಗಿನ ಮೀನು ಬೆಳಕಿನ ವಕ್ರೀಭವನದಿಂದ ಇರುವ ಜಾಗಕ್ಕಿಂತ ಮೇಲೆ ಕಾಣುತ್ತದೆ. ಹಕ್ಕಿ ಆ ವ್ಯತ್ಯಾಸವನ್ನೂ ಲೆಕ್ಕ ಹಾಕಿಯೇ ಹೊಡೆಯಬೇಕು. ಮರಿಹಕ್ಕಿಗಳು ಮತ್ತೆ ಮತ್ತೆ ಗುರಿ ತಪ್ಪುವುದನ್ನು ಅಕ್ಟೋಬರ್ ಸುಮಾರಿಗೆ ಯಾವ ಗದ್ದೆಯ ಬದಿಯಲ್ಲೂ ನೋಡಬಹುದು.

ಈಗ ಚಂದ್ರನ ಲೆಕ್ಕ. ಸುಮಾರು 24 ಗಂಟೆ 50 ನಿಮಿಷದಲ್ಲಿ ಕಡಲಿಗೆ ಎರಡು ಭರತ (ಉಬ್ಬರ), ಎರಡು ಇಳಿತ. ಅಂದರೆ ಇವತ್ತು ಬೆಳಿಗ್ಗೆ ಏಳಕ್ಕೆ ಇಳಿತ ಇದ್ದರೆ ನಾಳೆ ಏಳೂ ಐವತ್ತಕ್ಕೆ. ಹಳೆಯ ಲೆಕ್ಕದಲ್ಲಿ ಒಂದು ಘಳಿಗೆ 24 ನಿಮಿಷ, ಹಾಗಾಗಿ ದಿನಕ್ಕೆ ಎರಡು ಘಳಿಗೆ ಮುಂದಕ್ಕೆ ಎಂದು ನೆನಪಿಟ್ಟುಕೊಂಡರೆ ಸಾಕು. ಕಾರವಾರದ ಆಸುಪಾಸಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ಭರತ ನಡು ಹಗಲಿಗೆ ಸ್ವಲ್ಪ ಮುಂಚೆ ಬರುತ್ತದೆ. ಇಳಿತ ಬೆಳಗಿನ ಜಾವಕ್ಕೆ ಮತ್ತು ಸಂಜೆ ಐದರ ಸುಮಾರಿಗೆ. ಅಷ್ಟಮಿಯ ಹೊತ್ತಿಗೆ ಇದು ತಿರುಗುಮುರುಗು: ಇಳಿತ ನಡು ಹಗಲಿಗೆ, ಅದೂ ಅರೆಬರೆ ಇಳಿತ. ಹುಣ್ಣಿಮೆ, ಅಮಾವಾಸ್ಯೆಯ ಭರತ ದೊಡ್ಡದು, ಇಳಿತವೂ ದೊಡ್ಡದು. ಕೆಸರು ಬಯಲು ಪೂರ್ತಿ ತೆರೆದುಕೊಳ್ಳುವುದು ಆಗಲೇ. ಒಂದೇ ದಿನದ ಎರಡು ಇಳಿತಗಳೂ ಸಮನಾಗಿರುವುದಿಲ್ಲ, ಒಂದು ಹೆಚ್ಚು ಇಳಿಯುತ್ತದೆ. ನಿಖರ ಸಮಯಕ್ಕೆ ಕಾರವಾರ ಬಂದರಿನ ಭರತ-ಇಳಿತದ ಕೋಷ್ಟಕ ಇದ್ದೇ ಇದೆ. ಆದರೆ ಗೋಡೆಯ ಮೇಲಿನ ಪಂಚಾಂಗ ನೋಡಿಯೇ ಭಾನುವಾರದ ತಿರುಗಾಟ ನಿರ್ಧರಿಸುವುದು ರೂಢಿಯಾದರೆ ಕೈಬೀಸಿ ಹೋಗಿ ಬರಿಗೈಯಲ್ಲಿ ಬರುವುದು ತಪ್ಪುತ್ತದೆ.

ಕೋಷ್ಟಕದ ಸಮಯ ಅಳಿವೆಯ ಬಾಯಿಗೆ ಮಾತ್ರ. ಒಳಗೆ ಸುಂಕೇರಿ, ಕಡವಾಡದ ಕಡೆ ಹೋದಷ್ಟೂ ತಡ. ಬಾಯಲ್ಲಿ ನೀರು ಏರತೊಡಗಿದರೂ ಒಳಗಿನ ಹಳ್ಳಗಳಲ್ಲಿ ಇನ್ನೂ ಇಳಿಯುತ್ತಲೇ ಇರುತ್ತದೆ. ಒಂದೇ ಬೆಳಿಗ್ಗೆ ಎರಡು ಇಳಿತ ಬೇಕೆಂದರೆ ಈ ತಡವನ್ನೇ ಬಳಸಿಕೊಳ್ಳಬಹುದು: ಮೊದಲು ಕೋಡಿಬಾಗ, ಆಮೇಲೆ ಒಳಗೆ. ಮಳೆಗಾಲದಲ್ಲಿ ಈ ಲೆಕ್ಕವೆಲ್ಲ ಕೆಡುತ್ತದೆ. ಮೇಲೆ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕಾಳಿಯಲ್ಲಿ ಇಳಿತ ಎಂಬುದೇ ಗೊತ್ತಾಗುವುದಿಲ್ಲ, ದಂಡೆಯ ಹತ್ತಿರ ಹೋಗುವುದೂ ಅಪಾಯ.

ಇಳಿತದ ಯಾವ ಹೊತ್ತು ಒಳ್ಳೆಯದು ಎಂಬುದಕ್ಕೆ ಒಂದೇ ಉತ್ತರ ಇಲ್ಲ. ನೀರು ಇಳಿಯತೊಡಗಿದ ಮೊದಲ ಎರಡು ಗಂಟೆ ಬೆಳ್ಳಕ್ಕಿಗಳದು; ಹಳ್ಳಗಳಿಂದ ಮೀನು, ಶೆಟ್ಲಿ ಹೊರಕ್ಕೆ ಹರಿಯುತ್ತವೆ, ಹಳ್ಳದ ಬಾಯಲ್ಲೇ ಸಾಲು ನಿಲ್ಲುತ್ತದೆ. ಪೂರ್ತಿ ಇಳಿದಾಗ ಹಕ್ಕಿಗಳೆಲ್ಲ ಬಯಲಿನ ಆ ತುದಿಗೆ ಚದುರಿ ಚುಕ್ಕೆಗಳಾಗುತ್ತವೆ. ಹೊಸಬರು ಹೆಚ್ಚಾಗಿ ಬರುವುದು ಈ ಹೊತ್ತಿಗೇ, ನಿರಾಶರಾಗುವುದೂ ಇದರಿಂದಲೇ. ನೀರು ತಿರುಗಿ ಏರುವಾಗ ಕೊನೆಯ ಎರಡು ಗಂಟೆ ನೋಡುವವರಿಗೆ ಅತ್ಯುತ್ತಮ, ಯಾಕೆಂದರೆ ಏರುವ ನೀರೇ ಹಕ್ಕಿಗಳನ್ನು ಒಂದೊಂದು ಗೇಣು ದಂಡೆಯ ಕಡೆ ತಳ್ಳುತ್ತದೆ. ನೀವು ಅಲ್ಲಾಡದೆ ಕೂತಿರಬೇಕು, ಅಷ್ಟೇ. ಚಳಿಗಾಲದ ಅತಿಥಿಗಳಾದ ಗದ್ದೆಗೊರವ, ಕೊಕ್ಕು ಬಾಗಿದ ಕರ್ಲ್ಯೂಗಳೂ ಆಗಲೇ ಹತ್ತಿರ ಸಿಗುತ್ತವೆ. ಪೂರ್ತಿ ಭರತದಲ್ಲಿ ನಿಲ್ಲಲು ನೆಲವಿಲ್ಲದೆ ಎಲ್ಲವೂ ಕಾಂಡ್ಲಾ ಮರ, ಗಜನಿ ಎಂಬ ತಗ್ಗು ಗದ್ದೆಗಳ ಕಟ್ಟೆ, ಬಲೆ ಕಟ್ಟಿದ ಗೂಟ, ಲಂಗರು ಹಾಕಿದ ದೋಣಿಗಳ ಮೇಲೆ ಏರುತ್ತವೆ. ಎಣಿಸಲು ಅದು ಹೇಳಿ ಮಾಡಿಸಿದ ಸಮಯ. ಗರಿ ತಿದ್ದುವುದನ್ನು ನೋಡಲೂ ಹೌದು: ಬಕಗಳ ಎದೆಯಲ್ಲಿ ಪುಡಿಯಾಗಿ ಉದುರುವ ವಿಶೇಷ ಗರಿಗಳಿವೆ. ಹಾವುಮೀನಿನ ಲೋಳೆ ಮೆತ್ತಿದ ಕಡೆ ಆ ಪುಡಿ ಬಳಿದು, ನಡುಬೆರಳಿನ ಬಾಚಣಿಗೆಯಂಥ ಉಗುರಿನಿಂದ ಕೆರೆದು ತೆಗೆಯುತ್ತವೆ.

ಎಲ್ಲಿ ನಿಲ್ಲಬೇಕು ಎನ್ನುವುದು ಬೆಳಕಿನ ಪ್ರಶ್ನೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಕಾಳಿ ಪಶ್ಚಿಮಕ್ಕೆ ಹರಿಯುವುದರಿಂದ ದಕ್ಷಿಣ ದಂಡೆಯ ಕೋಡಿಬಾಗದಿಂದ ಸದಾಶಿವಗಡದ ದಿಕ್ಕಿಗೆ ನೋಡಿದರೆ ಡಿಸೆಂಬರಿನಲ್ಲಿ ದಿನವಿಡೀ ಬೆಳಕು ಬೆನ್ನಿಗೆ. ಅದೇ ಸದಾಶಿವಗಡದ ಕಡೆಯಿಂದ ಈಚೆ ನೋಡಿದರೆ ಎಲ್ಲ ಹಕ್ಕಿಯೂ ಕರಿ ನೆರಳು. ಕಾರವಾರದ ದಕ್ಷಿಣಕ್ಕೆ ಅರಗಾ, ಬಿಣಗಾ ಕಡೆ ನೌಕಾನೆಲೆ ಇದೆ. ಅಲ್ಲಿ ಉದ್ದ ಲೆನ್ಸ್, ದುರ್ಬೀನು ಹೊರತೆಗೆಯುವ ಯೋಚನೆಯೇ ಬೇಡ.

ಕುಮಟಾ ಕಡೆಯ ಅಘನಾಶಿನಿಯ ಮಾತೇ ಬೇರೆ. ಹೊಳೆಗೆ ಅಣೆಕಟ್ಟೆ ಇಲ್ಲ, ಹಾಗಾಗಿ ಸಿಹಿನೀರು, ಉಪ್ಪುನೀರಿನ ಕೂಡಿಕೆ ಇನ್ನೂ ತನ್ನ ಪಾಡಿಗೆ ನಡೆದಿದೆ. 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಮುಖ್ಯ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಆದರೆ ಹಕ್ಕಿ ನೋಡುವವರಿಗೆ ಅಲ್ಲಿಯ ನಿಜವಾದ ಪಾಠಶಾಲೆ ಗಜನಿ. ಕಟ್ಟೆ ಕಟ್ಟಿ ಉಪ್ಪುನೀರು ತಡೆದ ಈ ತಗ್ಗು ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಶೆಟ್ಲಿ, ಮೀನು. ಕಗ್ಗ ಉಪ್ಪನ್ನೂ ನೆರೆಯನ್ನೂ ತಡೆಯುವ ಎತ್ತರದ ತಳಿ. ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಟ್ಟರೆ ಅದು ಕೊಳೆತು ಶೆಟ್ಲಿಗೆ ಆಹಾರ, ಶೆಟ್ಲಿಯ ಹಿಂದೆ ಬೆಳ್ಳಕ್ಕಿ. ತೂಬಿನ ಹಲಗೆ ಎತ್ತುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತಕ್ಕೆ. ಒಳಗಿನ ನೀರು ರಭಸದಿಂದ ಹೊರ ಹರಿಯುವಾಗ ಬಾಯಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಆ ಹೊತ್ತಿಗೆ ತೂಬಿನ ಎರಡೂ ಬದಿಗೆ ಬಕ, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಎಲ್ಲ ಹಾಜರು. ನೀರು ಬಸಿದ ಗಜನಿಯಲ್ಲಿ ಆಳ ಗಂಟೆಗಂಟೆಗೆ ಬದಲಾಗುವುದರಿಂದ ಹಕ್ಕಿಗಳ ಸರದಿಯೂ ಬದಲಾಗುತ್ತದೆ. ಮೊದಲು ಬೂದು ಬಕ ಮತ್ತು ದೊಡ್ಡ ಬೆಳ್ಳಕ್ಕಿ, ನಂತರ ಚಿಕ್ಕ ಬೆಳ್ಳಕ್ಕಿ, ಕೊನೆಗೆ ಬರೀ ಕೆಸರು ಉಳಿದಾಗ ಕೊಳದ ಬಕ ಮತ್ತು ಟಿಟ್ಟಿಭ. ಕಾಲಿನ ಉದ್ದ, ನೀರಿನ ಆಳದ ಪಾಠ ಕಲಿಯಲು ಇದಕ್ಕಿಂತ ಸ್ಪಷ್ಟವಾದ ಜಾಗ ನಮ್ಮ ಜಿಲ್ಲೆಯಲ್ಲಿಲ್ಲ. ಕಟ್ಟೆಯ ಮೇಲೆ ನಡೆಯುವ ಮುನ್ನ ಗಜನಿಯವರನ್ನು ಒಂದು ಮಾತು ಕೇಳಿ. ಕಟ್ಟೆ ಮಣ್ಣಿನದು, ಅಂಚು ಕುಸಿದರೆ ಉಪ್ಪುನೀರು ಒಳಗೆ ನುಗ್ಗುತ್ತದೆ.

ಕೆಸರಿಗೆ ಇಳಿಯಲು ಅಂಜುವವರಿಗೆ ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿಯ ಕಾಂಡ್ಲಾ ನಡುವೆ ಅರಣ್ಯ ಇಲಾಖೆಯ ಹಲಗೆ ದಾರಿ ಇದೆ. ಹೋಗುವುದಿದ್ದರೆ ಬೆಳಿಗ್ಗೆ, ಜನ ಕಡಿಮೆ ಇರುವ ವಾರದ ದಿನ. ಕಪ್ಪುತಲೆಯ ಮಿಂಚುಳ್ಳಿ ಕಾಣಲು ಕಾಂಡ್ಲಾ ಸರಿಯಾದ ಜಾಗ. ಅದರ ಹವಳದ ಕೊಕ್ಕು, ನೇರಳೆ ನೀಲಿ ಬೆನ್ನು ಒಮ್ಮೆ ಕಂಡರೆ ಮರೆಯುವಂಥದ್ದಲ್ಲ.

ಘಟ್ಟ ಹತ್ತಿದರೆ ಭರತ ಇಲ್ಲ, ಇಳಿತ ಇಲ್ಲ. ಅಲ್ಲಿ ಆಳವನ್ನು ತೀರ್ಮಾನಿಸುವುದು ಕೆರೆಯ ಅಂಚು. ಅಂಚು ನಿಧಾನವಾಗಿ ಇಳಿಜಾರಾಗಿ, ಹುಲ್ಲು, ಜೊಂಡು ಹಬ್ಬಿದ್ದರೆ ನಾಲ್ಕು ಬೆರಳಿನಿಂದ ಗೇಣಿನವರೆಗಿನ ಎಲ್ಲ ಆಳವೂ ಒಂದೇ ಕಡೆ ಸಿಗುತ್ತದೆ: ಕೊಳದ ಬಕ, ಹುಂಡುಕೋಳಿ, ಎಲೆಗಳ ಮೇಲೆ ನಡೆಯುವ ದೇವನಕ್ಕಿ, ಜೊಂಡಿನೊಳಗೆ ಕೆನ್ನೀಲಿ ಬಕ. ಊರಿನ ಕೆರೆಗಳನ್ನು ‘ಅಭಿವೃದ್ಧಿ’ ಮಾಡುವಾಗ ಮೊದಲು ಕಳೆದುಹೋಗುವುದು ಇದೇ ಅಂಚು. ಸುತ್ತ ಕಲ್ಲಿನ ಗೋಡೆ, ಗೋಡೆಯ ಬುಡದಲ್ಲೇ ಆಳುದ್ದ ನೀರು, ಮೇಲೆ ವಾಕಿಂಗ್ ದಾರಿ, ದೀಪ. ಕೆರೆ ತುಂಬಿ ತುಳುಕುತ್ತಿರುತ್ತದೆ, ಬಕ ಇರುವುದಿಲ್ಲ. ಮುಳುಗಿ ಮೀನು ಹಿಡಿಯುವ ನೀರುಕಾಗೆ, ಗುಳುಮುಳುಕ ಬರಬಹುದು. ನಡೆದು ತಿನ್ನುವ ಹಕ್ಕಿಗೆ ಕಾಲಿಡಲು ತಾವಿಲ್ಲ. ಹೂಳೆತ್ತಬೇಡಿ ಎಂದಲ್ಲ. ನಾಲ್ಕು ಬದಿಯಲ್ಲಿ ಒಂದು ಬದಿಯನ್ನಾದರೂ ಇಳಿಜಾರಾಗಿ, ಮಣ್ಣಾಗಿ ಬಿಟ್ಟರೆ ಆ ಒಂದು ಬದಿಯೇ ಸಾಕಾಗುತ್ತದೆ.

ಶಿರಸಿ ತಾಲ್ಲೂಕಿನ ಸೋಂದಾದ ಮುಂಡಿಗೆ ಕೆರೆಗೆ ಹೋಗಬೇಕಾದ್ದು ಮಳೆಗಾಲದಲ್ಲಿ. ನೀರಿನ ನಡುವೆ ಬೆಳೆದ ಮುಂಡಿಗೆಯ ಮುಳ್ಳುಪೊದೆಗಳ ಮೇಲೆ ಬೆಳ್ಳಕ್ಕಿ, ಕರಿತಲೆಯ ಬಿಳಿ ಕೆಂಬರಲುಗಳು ಗೂಡು ಕಟ್ಟುತ್ತವೆ. ಗೂಡಿಗೆ ಬೇಕಾದ ಕಾವಲು ಅಲ್ಲಿ ಎರಡು ಪಟ್ಟು: ಕೆಳಗೆ ನೀರು, ಮೇಲೆ ಗರಗಸದಂಥ ಎಲೆಯಂಚು. ಬೆಳ್ಳಕ್ಕಿ ಮೊಟ್ಟೆ ಇಟ್ಟು ಸುಮಾರು ಮೂರೂವರೆ ವಾರಕ್ಕೆ ಮರಿ; ಆಮೇಲೆ ಇನ್ನೂ ಒಂದು ತಿಂಗಳಿಗೂ ಹೆಚ್ಚು ಕಾಲ ಉಣಿಸಬೇಕು. ಗದ್ದೆಯಲ್ಲಿ ಕಪ್ಪೆ, ಸಣ್ಣಮೀನು, ಹುಳ ಹೆಚ್ಚಾಗುವುದೂ ಅದೇ ತಿಂಗಳುಗಳಲ್ಲಿ. ಗೂಡಿನ ಹತ್ತಿರ ಹೋಗಿ ಹಕ್ಕಿ ಎಬ್ಬಿಸಿದರೆ ಕಾಗೆ, ಹದ್ದು ನುಗ್ಗಲು ಎರಡು ನಿಮಿಷ ಸಾಕು. ಮಳೆಯಲ್ಲಿ ತಾಯಿ ಎದ್ದರೆ ಮರಿ ಚಳಿ ಹಿಡಿದು ಸಾಯುತ್ತದೆ. ಡ್ರೋನ್ ಹಾರಿಸುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಪೇಟೆಯೊಳಗೆ ಗೂಡು ಕಟ್ಟಿದರೆ ಜಗಳ. ರಸ್ತೆ ಬದಿಯ ಮಳೆಮರ, ಆಲದ ಮರಗಳಲ್ಲಿ ಕೊಳದ ಬಕ, ಬೆಳ್ಳಕ್ಕಿಗಳ ಗುಂಪು ಸೇರಿದರೆ ಕೆಳಗೆ ನಿಲ್ಲಿಸಿದ ಬೈಕಿನ ಮೇಲೆ ಹಿಕ್ಕೆ, ಅರ್ಧ ಜೀರ್ಣವಾದ ಮೀನು, ಬಿದ್ದ ಮರಿ. ವಾಸನೆ ನಿಜ, ಸಿಟ್ಟು ಬರುವುದೂ ಸಹಜ. ಕೊಂಬೆ ಕಡಿಸಲೇಬೇಕೆಂದರೆ ಡಿಸೆಂಬರಿನಿಂದ ಮಾರ್ಚಿಯೊಳಗೆ, ಗೂಡು ಖಾಲಿ ಇದ್ದಾಗ ಕಡಿಸಬಹುದು. ಮಳೆಗಾಲದ ನಡುವೆ ಕಡಿದರೆ ನೂರಾರು ಮರಿ ರಸ್ತೆಗೆ ಬೀಳುತ್ತವೆ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ಸದ್ಯಕ್ಕೆ ಮರದ ಕೆಳಗೆ ಗಾಡಿ ನಿಲ್ಲಿಸದಿರುವುದು, ಅಂಗಡಿಯ ಮುಂದೆ ಒಂದು ತಾಡಪಾಲು ಕಟ್ಟಿಕೊಳ್ಳುವುದು, ಇಷ್ಟೇ ಉಪಾಯ.

ಸಲಕರಣೆಯ ವಿಷಯದಲ್ಲಿ ನಮ್ಮ ಕರಾವಳಿಯ ಮೊದಲ ಶತ್ರು ಕಳ್ಳನಲ್ಲ, ಬೂಷ್ಟು. 8x42 ಬೈನಾಕ್ಯುಲರ್, ಅಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂಗಾಜಿನದು, ಸಾಕು. 10x ತೆಗೆದುಕೊಂಡರೆ ಕೈನಡುಕವೂ ಹಿಗ್ಗುತ್ತದೆ, ಸಂಜೆಯಲ್ಲಿ ಬೆಳಕೂ ಕಡಿಮೆ. ಒಳಗೆ ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್ ಮಾದರಿಯನ್ನೇ ಕೊಳ್ಳಿ. ಸಾದಾ ಮಾದರಿಯ ಗಾಜಿನೊಳಗೆ ಎರಡು ಮಳೆಗಾಲದಲ್ಲಿ ಜೇಡರ ಬಲೆಯಂಥ ಶಿಲೀಂಧ್ರ ಹಬ್ಬುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಅದೇ ತೇವ ಹೀರಿ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಂದು ಹಿಡಿ ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ನೀಲಿ ಕಾಳು ಗುಲಾಬಿಯಾದರೆ ನೀರು ಕುಡಿದಿದೆ ಎಂದರ್ಥ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ನೀಲಿ ಬಣ್ಣ ವಿಷ, ಅಡುಗೆಯ ಬಾಣಲೆ ಬಳಸಬೇಡಿ. ಟ್ರೈಪಾಡಿನ ಕಾಲುಗಳನ್ನು ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು, ಬಿಚ್ಚಿ ಒಣಗಿಸಿ. ನಾಳೆ ಎಂದರೆ ಉಪ್ಪು ಕೂತು ಗಿರಕಿಗಳು ಕಚ್ಚಿಕೊಳ್ಳುತ್ತವೆ. ಸ್ಕೋಪ್ ಇದ್ದರೆ ಕೆಸರು ಬಯಲಿಗೆ ಬಹಳ ಉಪಯೋಗ, ಆದರೆ ಬಿಸಿಲು ಏರಿದ ಮೇಲೆ ಕೆಸರಿನ ಮೇಲೆ ಗಾಳಿ ಕುದಿಯತೊಡಗಿ ಹೆಚ್ಚು ಹಿಗ್ಗಿಸಿದಷ್ಟೂ ಹಕ್ಕಿ ನಡುಗುತ್ತದೆ. ಆಗ 20 ಪಟ್ಟಿನಲ್ಲೇ ನೋಡುವುದು ಲೇಸು. ಕ್ಯಾಮೆರಾದವರಿಗೆ ಒಂದೇ ಮಾತು: ಕಪ್ಪು ನೀರಿನ ಮೇಲಿನ ಬೆಳ್ಳಕ್ಕಿ ತೆಗೆಯುವಾಗ ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸಿ, ಇಲ್ಲದಿದ್ದರೆ ಗರಿಯೆಲ್ಲ ಸುಣ್ಣ ಬಳಿದಂತಾಗುತ್ತದೆ.

ಹತ್ತಿರ ಹೋಗುವುದಕ್ಕೂ ಒಂದು ಕ್ರಮ ಇದೆ. ಹಕ್ಕಿಯ ಕಡೆಗೇ ನೇರ ನಡೆಯಬೇಡಿ, ಓರೆಯಾಗಿ ಹೋಗಿ, ನಡುನಡುವೆ ನಿಂತು ಬೇರೆ ಕಡೆ ನೋಡಿ. ಬಕ ಕತ್ತು ಉದ್ದ ಮಾಡಿ ನೆಟ್ಟಗೆ ನಿಂತರೆ ಅದು ಕೊನೆಯ ಎಚ್ಚರಿಕೆ. ಮುಂದಿನ ಹೆಜ್ಜೆಗೆ ಹಾರುತ್ತದೆ. ಎರಡು ಹೆಜ್ಜೆ ಹಿಂದೆ ಬಂದು ಕೂತರೆ ಕೆಲವು ನಿಮಿಷದಲ್ಲಿ ಕತ್ತು ಮಡಿಚಿ ಮತ್ತೆ ಕೆಲಸಕ್ಕೆ ತೊಡಗುತ್ತದೆ. ನಿಲ್ಲಿಸಿದ ಕಾರು, ಆಟೋಗಳಿಗೆ ಅವು ಹೆದರುವುದಿಲ್ಲ. ಹೆದ್ದಾರಿ ಬದಿಯ, ರೈಲು ದಿಬ್ಬದ ಪಕ್ಕದ ಹೊಂಡಗಳನ್ನು ಗಾಡಿಯೊಳಗೆ ಕೂತೇ ನೋಡಬಹುದು. ಹಳಿಯ ಮೇಲೆ ಮಾತ್ರ ನಡೆಯಬೇಡಿ.

ಎಣಿಸುವುದು ಬೇಸರದ ಕೆಲಸ, ಆದರೆ ಊರಂಚಿನ ಜೌಗಿನ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕೆಂದರೆ ಬೇರೆ ದಾರಿ ಇಲ್ಲ. ಪ್ರತಿ ಸಲ ಒಂದೇ ಜಾಗ, ಒಂದೇ ಭರತದ ಹೊತ್ತು. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ಎರಡೂ ಲೆಕ್ಕ ಹತ್ತಿರ ಬಾರದಿದ್ದರೆ ಮೂರನೆಯ ಸಲ. ದೊಡ್ಡ ಗುಂಪಾದರೆ ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ರೂಢಿ ಮಾಡಿಕೊಂಡು ಹತ್ತರ ಅಳತೆಯಲ್ಲಿ ಸಾಗಿ. ಭರತದ ಸ್ಥಿತಿ ಬರೆಯದ ಎಣಿಕೆ ಕರಾವಳಿಯಲ್ಲಿ ಅರ್ಧ ವ್ಯರ್ಥ: ಇಳಿತದಲ್ಲಿ ಇನ್ನೂರು, ಭರತದಲ್ಲಿ ಇಪ್ಪತ್ತು ಕಂಡರೆ ಹಕ್ಕಿ ಕಡಿಮೆಯಾದಂತಲ್ಲ. ಏಷ್ಯಾ ಖಂಡದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಹಕ್ಕಿ ನೋಡಿದವರು ಪಟ್ಟಿ ಹಾಕುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಸೇರಿಸಿದರೆ ನಿಮ್ಮ ಹೊಂಡದ ಲೆಕ್ಕವೂ ಉಳಿಯುತ್ತದೆ. ಸಂಖ್ಯೆ ದೊಡ್ಡದೆಂದು ಹಿಗ್ಗುವುದಕ್ಕೂ ಮುಂಚೆ ಜಾತಿ ನೋಡಿ. ಪಟ್ಟಣದ ಗಟಾರ ಬಂದು ಸೇರುವಲ್ಲಿ ಮೆಟ್ಟುಗಾಲು ಹಕ್ಕಿ, ಗೋವಕ್ಕಿ, ಕಡಲಕಾಗೆಗಳು ಕಿಕ್ಕಿರಿಯುತ್ತವೆ, ಕೊಳಚೆಯ ಹುಳುವಿಗೆ. ಸ್ವಚ್ಛ ನೀರಿನಲ್ಲಿ ಕಣ್ಣಿಟ್ಟು ಮೀನು ಹಿಡಿಯುವ ಮಿಂಚುಳ್ಳಿ, ಹಸಿರು ಬಕ ಅಲ್ಲಿ ಇದೆಯೇ?

ಊರಂಚಿನ ಗಜನಿ ಕಳೆದುಹೋಗುವುದು ಎರಡು ರೀತಿ. ಒಂದು ಕಣ್ಣಿಗೆ ಕಾಣುತ್ತದೆ: ಲಾರಿಗಟ್ಟಲೆ ಕೆಂಪು ಮಣ್ಣು ಸುರಿದು ಸೈಟು ಮಾಡುವುದು. ಇನ್ನೊಂದು ಕಾಣುವುದಿಲ್ಲ. ಉಳುವವರಿಲ್ಲದೆ ಕಟ್ಟೆ ಒಡೆದು, ತೂಬು ಕೊಳೆತು, ನೀರು ಯಾವಾಗಲೂ ಒಂದೇ ಮಟ್ಟಕ್ಕೆ ನಿಲ್ಲತೊಡಗುತ್ತದೆ. ಅಥವಾ ಶೆಟ್ಲಿ ಸಾಕಲು ಆಳಕ್ಕೆ ತೋಡುತ್ತಾರೆ. ಹಸಿರು ಇದೆ, ನೀರು ಇದೆ, ದೂರದಿಂದ ಜೌಗು ಹಾಗೇ ಇದೆ ಅನ್ನಿಸುತ್ತದೆ. ಮೊದಲು ಕೊಳದ ಬಕ ದಂಡೆಗೆ ಸರಿಯುತ್ತದೆ, ಆಮೇಲೆ ಚಿಕ್ಕ ಬೆಳ್ಳಕ್ಕಿ ಬರುವುದು ನಿಲ್ಲುತ್ತದೆ. ಕೊನೆಗೆ ಉಳಿಯುವುದು ದೊಡ್ಡ ಬೆಳ್ಳಕ್ಕಿ ಒಂದೋ ಎರಡೋ. ಕಟ್ಟೆ ಒಡೆದ ಕಡೆ ಭರತದ ನೀರು ಆಡುತ್ತಿದ್ದರೆ ಕಾಂಡ್ಲಾ ತಾನಾಗಿ ಹಬ್ಬಿ ಹಸಿರು ಬಕಕ್ಕೆ, ಬಕದ ಬಳಗದ್ದೇ ಆದ ಕಪ್ಪು ಗುಪ್ಪಿಗೆ ಜಾಗ ಆಗುವುದೂ ಉಂಟು. ಹಾಗಾಗಿ ಎಲ್ಲ ಬದಲಾವಣೆಯೂ ನಷ್ಟವೇ ಎಂದು ಬರೆಯಲು ಕೈ ಬರುವುದಿಲ್ಲ.

ಸಂಜೆಯ ಎಣಿಕೆಗೆ ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಕೂರಬೇಕು. ಹಕ್ಕಿಗಳು ತಂಗುವ ಕುರ್ವೆಯ (ಹೊಳೆ ನಡುವಿನ ದ್ವೀಪದ) ಮರಗಳು ಕಾಣುವಂತೆ, ಆದರೆ ಅವುಗಳ ಹಾರುವ ದಾರಿಗೆ ಅಡ್ಡವಾಗದಂತೆ. ಹತ್ತು ಹತ್ತು ನಿಮಿಷಕ್ಕೆ ಒಂದು ಗೆರೆ ಹಾಕಿ, ಯಾವ ದಿಕ್ಕಿನಿಂದ ಎಷ್ಟು ಬಂದವು ಎಂದು ಬರೆಯಿರಿ. ಗೋವಕ್ಕಿಗಳ ಸಾಲು ಮೊದಲು, ಬೆಳ್ಳಕ್ಕಿಗಳು ಆಮೇಲೆ, ನೀರುಕಾಗೆಗಳು ನಡುನಡುವೆ. ಬೆಳಕು ಪೂರ್ತಿ ಆರುವ ಮುನ್ನ ಪುಸ್ತಕ ಮುಚ್ಚಬೇಡಿ. ಎಲ್ಲವೂ ಒಳಗೆ ಬರುವ ಹೊತ್ತಿಗೆ ಅದೇ ಮರಗಳಿಂದ ಗಿಡ್ಡ ಕತ್ತಿನ, ದಪ್ಪ ತಲೆಯ ಕೆಲವು ಹಕ್ಕಿಗಳು ಹೊರಕ್ಕೆ ಹೊರಡುತ್ತವೆ. ನೆತ್ತಿಯ ಮೇಲೆ ಒಂದೊಂದೇ ‘ಕ್ವಾಕ್’ ಕೇಳುತ್ತದೆ, ಆಕಾರ ಕಾಣುವುದಿಲ್ಲ. ಇರುಳು ಬಕ. ಇದಕ್ಕೆ ಬೇರೆ ಅಂಕಣ, ‘ಹೊರಗೆ ಹೋದವು’ ಎಂದು; ಕೇಳಿದ ಕೂಗಿಗೆ ಒಂದೊಂದು ಗೀಟು, ಪಕ್ಕದಲ್ಲಿ ಸಮಯ.